ಸೋರಿದ ಎಣ್ಣೆಯ ಜಾಡು

ತಮ್ಮ ತೀರಿಹೋದನೆಂಬ ಸುದ್ದಿ ಫೋನಿನಲ್ಲಿ ಬಂದಾಗ ಮೇಸ್ತ್ರಿ ರಿಪೇರಿ ಶೆಡ್ಡಿನಲ್ಲಿ ಯಾರದೋ ಗಾಡಿಯ ಚಕ್ರ ಬಿಚ್ಚುತ್ತಿದ್ದರು. ಊರಾಚೆ ರಸ್ತೆಬದಿಯಲ್ಲಿ ಕಾರು ನಿಂತಿದೆ, ಬಾನೆಟ್ ಎತ್ತಿದೆ, ಪಕ್ಕದಲ್ಲೇ ಅವನು ಬಿದ್ದಿದ್ದಾನೆ, ಕೈಯಲ್ಲಿ ಸ್ಪ್ಯಾನರ್ ಇದೆ ಎಂದು ಆ ಕಡೆಯವನು ಒಂದೊಂದಾಗಿ ಹೇಳಿದ. ಕಾರಿನ ಕೆಳಗೆ ಎಣ್ಣೆ ಸೋರಿದೆ ಎಂದೂ ಹೇಳಿದ. ಆ ಕೊನೆಯ ಮಾತು ಮೇಸ್ತ್ರಿಯ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು.

ಹೃದಯ ನಿಂತದ್ದು ಎಂದರು ಡಾಕ್ಟರು. ಬಂದು ಹೋಗುವವರು ಬೇರೆ ಕಥೆ ಕಟ್ಟಿದರು: ಎಣ್ಣೆಯೆಲ್ಲ ಸೋರಿ ಎಂಜಿನ್ ತಿರುಗದೆ ಕಚ್ಚಿಕೊಂಡಿರಬೇಕು, ಸುಡುಬಿಸಿಲಲ್ಲಿ ಒಬ್ಬನೇ ಒದ್ದಾಡಿ ಜೀವ ಬಿಟ್ಟ, ಪಾಪ. ಯಾರೂ ಮೇಸ್ತ್ರಿಯ ಮುಖ ನೋಡಿ ಹೇಳಲಿಲ್ಲ. ಆದರೆ ಹಿಂದಿನ ವಾರವಷ್ಟೇ ಆ ಕಾರಿಗೆ ಎಣ್ಣೆ ಬದಲಿಸಿದವರು ಅವರೇ. ಎಂಜಿನ್ನಿನ ತಳದಲ್ಲಿ ಹಳೆ ಎಣ್ಣೆ ಇಳಿಸುವ ಬೋಲ್ಟೊಂದು ಇರುತ್ತದೆ. ಅದನ್ನು ಬರಿಗೈಯಲ್ಲಿ ತಿರುಗಿಸಿ ಕೂರಿಸಿದ್ದು ನೆನಪಿತ್ತು. ಅಷ್ಟರಲ್ಲಿ ಯಾರೋ ಕರೆದರು. ಹೋಗಿ ಬಂದಮೇಲೆ ಸ್ಪ್ಯಾನರ್ ಹಾಕಿ ಬಿಗಿದೆನೋ ಇಲ್ಲವೋ? ಎಷ್ಟು ಕೆದಕಿದರೂ ನೆನಪು ಅಲ್ಲಿಗೇ ತುಂಡಾಗುತ್ತಿತ್ತು. ದೇವರ ಮುಂದೆ ಕೂತರೂ, ತಮ್ಮನಿಗಾಗಿ ಬೇಡಿಕೊಳ್ಳಲು ತನಗೆ ಯಾವ ಮುಖವಿದೆ ಎಂದು ಎದ್ದುಬಿಡುತ್ತಿದ್ದರು.

ಎಳೆದು ತಂದ ಕಾರು ತಮ್ಮನ ಮನೆಯ ಹಿಂದೆ ನಿಂತಿತ್ತು. ಮೇಸ್ತ್ರಿ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಕಡೆಗೆ ತಮ್ಮನ ಹೆಂಡತಿಯೇ ಹೇಳಿ ಕಳಿಸಿ, ಕೀಲಿಕೈಯನ್ನು ಅವರ ಅಂಗೈಗಿಟ್ಟಳು.

"ಊಟ ಬಿಟ್ಟಿದ್ದೀರಂತೆ ಭಾವ. ಯಾಕೆ ಅಂತ ನಂಗೊತ್ತು. ನೋಡಿಬಿಡಿ. ನಾನು ಇಲ್ಲೇ ಇರ್ತೀನಿ."

ಮೇಸ್ತ್ರಿ ಗೋಣಿತಟ್ಟು ಹಾಸಿ ಕಾರಿನಡಿ ತೂರಿದರು. ಕೈ ನೇರ ಆ ಬೋಲ್ಟಿಗೇ ಹೋಯಿತು. ಒದ್ದೆ. ತುದಿಯಲ್ಲಿ ಕಪ್ಪು ಹನಿಯೊಂದು ತೂಗುತ್ತಿತ್ತು. ಅವರು ಹಾಗೇ ಅಂಗಾತ ಬಿದ್ದುಕೊಂಡರು.

"ಏನಾಯ್ತು?"

"ಇಲ್ಲೇ ಒದ್ದೆ ಇದೆಯಮ್ಮ."

"ಒದ್ದೆ ಇದ್ರೆ ಇರ್ಲಿ. ಸಡಿಲ ಇದೆಯಾ?"

ಸ್ಪ್ಯಾನರ್ ಹಾಕಿ ನೋಡಿದರು. ಬೋಲ್ಟು ಮಿಸುಕಲಿಲ್ಲ. ಮನಸ್ಸು ಒಪ್ಪಲಿಲ್ಲ, ಬಿಗಿಯಾಗಿದ್ದರೂ ವಾಷರಿನ ಸಂದಿಯಿಂದ ಸೋರಬಹುದು. ಎಣ್ಣೆ ಎಲ್ಲಿಂದ ಹೊರಟರೂ ಇಳಿದಿಳಿದು ಬಂದು ತಳದಲ್ಲೇ ತೊಟ್ಟಿಕ್ಕುತ್ತದೆ ಎಂಬುದು ಅವರು ಊರವರ ಗಾಡಿಗಳಲ್ಲೆಲ್ಲ ಕಂಡದ್ದೇ. ಈಗ ಕೆಲಸ ತನ್ನದೇ ಆದ್ದರಿಂದ ಆ ವಿದ್ಯೆಯ ಮೇಲೂ ನಂಬಿಕೆ ಹೋಗಿತ್ತು. ಎದ್ದು ಬಂದು ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದರು. ಎಣ್ಣೆ, ಪೂರ್ತಿ ತುಂಬಿದೆಯೆಂದು ತೋರಿಸುವ ಮೇಲಿನ ಗೆರೆಯಿಂದ ಕೂದಲೆಳೆಯಷ್ಟು ಇಳಿದಿತ್ತು, ಅಷ್ಟೇ. ಒರೆಸಿ ಮತ್ತೆ ಇಳಿಬಿಟ್ಟು ನೋಡಿದರು. ಹಾಗೇ ಇತ್ತು.

ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಒಣಗಿಸಿ, ಅವಳಿಂದ ಮುಖಕ್ಕೆ ಹಚ್ಚುವ ಪೌಡರ್ ತರಿಸಿ, ಸೋರುವ ಜಾಗ ಕಾಣಲೆಂದು ಮೇಲಿಂದ ಕೆಳತನಕ ಉದುರಿಸಿದರು. ಮದುವೆಗೆ ಹೊರಟ ಹಾಗಿದೆ ಎಂದಳು ಅವಳು. ಎಂಜಿನ್ನಿನ ಮೇಲೆ ಕಣ್ಣಿಟ್ಟು ನಿಂತು, ಕೀಲಿ ತಿರುಗಿಸಲು ಅವಳಿಗೇ ಹೇಳಿದರು. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಕಚ್ಚಿಕೊಂಡ ಎಂಜಿನ್ ಹೀಗೆ ಹಾಡುವುದಿಲ್ಲ.

ಬಿಸಿಯೇರುವ ತನಕ ಕಾದರು. ತಳದ ಬೋಲ್ಟು ಬೆಳ್ಳಗೇ ಉಳಿಯಿತು. ಮೇಲೆ, ಎಂಜಿನ್ನಿನ ನೆತ್ತಿಯ ತಗಡಿನ ಮುಚ್ಚಳದ ಹಿಂದಿನ ಮೂಲೆಯಲ್ಲಿ, ಪೌಡರ್ ನೆನೆದು ಕಂದುಗೆರೆಯೊಂದು ಕೆಳಗೆ ಹರಿಯತೊಡಗಿತು. ಆರಿದ ಮೇಲೆ ಮುಚ್ಚಳ ಬಿಚ್ಚಿ ಕಣ್ಣೆತ್ತರಕ್ಕೆ ಹಿಡಿದರೆ, ಬೋಲ್ಟು ಕೂರುವ ಕಡೆಯೆಲ್ಲ ತಗಡು ತಗ್ಗುಬಿದ್ದಿತ್ತು. ಅಡಿಯ ರಬ್ಬರ್ ಪಟ್ಟಿ ನಜ್ಜುಗುಜ್ಜಾಗಿ ಸೀಳಿತ್ತು.

"ಇದನ್ನ ಈ ಪಾಟಿ ಬಿಗಿದದ್ದು ಯಾರು?"

"ಇನ್ಯಾರು? ನಿಮ್ಮ ತಮ್ಮನೇ. ಒಂದು ಹನಿ ಕಂಡ್ರೆ ಸಾಕು, ಇನ್ನೊಂದು ಸುತ್ತು ಬಿಗಿಯೋರು. ದಾರೀಲಿ ಎಲ್ಲಿ ನಿಂತ್ರೂ ಮೊದಲು ಬಾನೆಟ್ ಎತ್ತೋದೇ. ಅಣ್ಣಂಗೆ ಹೇಳಿ ಅಂದ್ರೆ, ಇಷ್ಟಕ್ಕೆಲ್ಲ ಅವನನ್ನ ಯಾಕೆ ಗೋಳು ಹುಯ್ಕೊಳ್ಳೋದು ಅಂತಿದ್ರು." ಅವಳು ತಗ್ಗುಬಿದ್ದ ತಗಡನ್ನು ಬೆರಳಿಂದ ಮುಟ್ಟಿದಳು. "ಅವತ್ತೂ ಹಾಗೇ ನಿಂತಿರ್ತಾರೆ ಭಾವ. ಗಾಡಿ ಕೆಟ್ಟಿರ್ಲಿಲ್ಲ."

"ಬಿಗಿದಷ್ಟೂ ಸೋರತ್ತೆ ಕಣಮ್ಮ ಇದು," ಎಂದರು ಮೇಸ್ತ್ರಿ. "ಕತ್ತೆ." ಚಿಕ್ಕಂದಿನಿಂದ ತಮ್ಮನನ್ನು ಬೈಯುತ್ತಿದ್ದ ಬೈಗಳು ಅದು. ಬಾಯಿಂದ ಬಿದ್ದದ್ದೇ ತಡ, ಇಷ್ಟು ದಿನ ಬಾರದ ಅಳು ಕಟ್ಟೆಯೊಡೆಯಿತು. ಅವಳು ಒರೆಸುವ ಬಟ್ಟೆ ಮುಂದೆ ಹಿಡಿದಳು. ಅದರ ತುಂಬ ಎಣ್ಣೆಯಿತ್ತು. ಒರೆಸಿಕೊಂಡ ಮುಖವೆಲ್ಲ ಮಸಿಯಾದದ್ದನ್ನು ಕಂಡು ಇಬ್ಬರಿಗೂ ನಗು ಬಂತು.

ಮುಚ್ಚಳವನ್ನು ಮರದ ತುಂಡಿನ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ತಟ್ಟಿ ಸಮ ಮಾಡಿದರು. ಅಂಗಡಿಯಿಂದ ಹೊಸ ರಬ್ಬರ್ ತಂದು ಕೂರಿಸಿ, ಮಗುವಿನ ಅಂಗಿಗೆ ಗುಂಡಿ ಹಾಕುವಷ್ಟು ಹಗುರಾಗಿ ಬೋಲ್ಟುಗಳನ್ನು ತಿರುಗಿಸಿದರು. ಬೀದಿಯಲ್ಲಿ ಒಂದು ಸುತ್ತು ಓಡಿಸಿ ತಂದು ಬಗ್ಗಿ ನೋಡಿದಾಗ ಎಲ್ಲೂ ಒಂದು ಹನಿ ಇರಲಿಲ್ಲ. ಅವಳು ತಟ್ಟೆ ಹಾಕಿದಳು. ಬೇಡವೆನ್ನದೆ ಕೂತು ಉಂಡರು, ಮತ್ತೊಮ್ಮೆ ಬಡಿಸಿಕೊಂಡರು.

ಕೈ ತೊಳೆದು ಬಂದು, ಕಿಟಕಿಯ ಪಕ್ಕ ನೆಲದ ಮೇಲೆ ಕೂತು ಕಣ್ಣು ಮುಚ್ಚಿದರು. ದೇವರೇ, ಅವನು ಯಾರಿಗೂ ತೊಂದರೆ ಕೊಡಬಾರದೆಂದು ಬದುಕಿದವನು. ಅಲ್ಲಿಯೂ ಬೇಕಾದದ್ದನ್ನು ಬಾಯಿಬಿಟ್ಟು ಕೇಳುವುದಿಲ್ಲ. ನೀನೇ ನೋಡಿ ಕೊಡು. ಅವನ ಜೀವ ತಣ್ಣಗಿರಲಿ.