ಒಂಬತ್ತನೆಯ ಬುರುಡೆ

"ಯಾರ್ಯಾರಿಗೆ ಕೊಟ್ಟಿದೀಯ? ಅದನ್ನ ಮೊದ್ಲು ಹೇಳವ್ವ" ಎಂದು ಮಗಳು ಮಾನಸ ಫೋನಿನಲ್ಲಿ ಎರಡನೇ ಸಲ ಕೇಳಿದಾಗ ಚಿಕ್ಕತಾಯಮ್ಮ ತಾರಸಿಯ ಮೇಲೆ ತನ್ನ ಗಸಗಸೆ ಗಿಡಗಳಿಗೆ ನೀರು ಹನಿಸುತ್ತಿದ್ದಳು. ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಕೊಂಡಿತ್ತು. ಹನ್ನೊಂದು ಕುಂಡಗಳಲ್ಲಿ ಮೊಗ್ಗುಗಳು ತಲೆ ಬಗ್ಗಿಸಿ ನಿಂತಿದ್ದವು. ಇನ್ನೊಂದು ವಾರಕ್ಕೆ ಅರಳುತ್ತವೆ ಎಂದು ಬೆಳಿಗ್ಗೆಯಷ್ಟೇ ಲೆಕ್ಕ ಹಾಕಿದ್ದಳು.

"ಎಳ್ಳು ಬೀರಕ್ ಹೋದ ಮನೆಗೆಲ್ಲ ಕೊಟ್ಟಿವ್ನಿ. ಯಾಕ್ ಮಗ, ನಿಮ್ಮಾಫೀಸ್ನೋರ್ಗೂ ಬೇಕಂತಾ?"

ಬೇಕಾಗಿರಲಿಲ್ಲ. ಗಿಂಡಿ ಎಂಬ ಬಡಾವಣೆಯ ಆಫೀಸಿನಲ್ಲಿ ಮಾನಸ ತನ್ನ ಮೇಜಿನ ಮೇಲೆ, ಪೆನ್ನಿನ ಲೋಟದಲ್ಲಿ ಗಸಗಸೆ ಕಾಯಿಯ ಮೂರು ಒಣ ಬುರುಡೆಗಳನ್ನು ಚೆಂದಕ್ಕೆ ಸಿಕ್ಕಿಸಿಟ್ಟಿದ್ದಳು. ಅವಳ ಜೊತೆ ಕೆಲಸ ಮಾಡುವ ಗುರುಚರಣ ಎಂಬುವನು ಅವನ್ನು ನೋಡಿ, ಫೋಟೋ ತೆಗೆದು, ಏನೋ ಹುಡುಕಿ, ಬಾಗಿಲು ಹಾಕಿಕೊಂಡು ಬಂದು ಹೇಳಿದ್ದ. ಅದನ್ನೇ ಮಾನಸ ಈಗ ಅವ್ವನಿಗೆ ಒಪ್ಪಿಸಿದಳು.

"ಇದು ಅಫೀಮಿನ ಗಿಡ ಕಣವ್ವ. ಅಫೀಮು. ಲೈಸೆನ್ಸ್ ಇಲ್ದೆ ಬೆಳೆಸಿದ್ರೆ ಜೈಲಂತೆ. ಹತ್ತು ವರ್ಷದವರೆಗೂ ಹಾಕ್ಬೋದಂತೆ."

"ಹೋಗೆ, ಗಸಗಸೆ ಕಣೆ ಇದು. ಪಾಯಸಕ್ಕೆ ಹಾಕಲ್ವಾ ನಾವು?"

"ಬೀಜ ಪಾಯಸಕ್ಕೆ. ಗಿಡ ಜೈಲಿಗೆ." ಮಾನಸಳ ದನಿ ಸಣ್ಣದಾಗಿತ್ತು, ಯಾರಾದರೂ ಕೇಳಿಸಿಕೊಂಡಾರು ಎಂಬ ಹಾಗೆ. "ಮನೆ ಕರಾರು ನಿನ್ನ ಅಳಿಯನ ಹೆಸರಲ್ಲಿದೆ. ಪೋಲೀಸ್ ಬಂದ್ರೆ ಮೊದ್ಲು ಅವ್ರನ್ನೇ ಹಿಡಿಯೋದು. ಈಗ್ಲೇ ಎಲ್ಲಾ ಕಿತ್ತುಹಾಕು. ಕೊಟ್ಟಿರೋದೆಲ್ಲ ಈಸ್ಕೊಂಡು ಬಾ. ಯಾರ ಹತ್ರಾನೂ ಅದರ ಹೆಸರು ಮಾತ್ರ ಎತ್ಬೇಡ. ನನ್ನಾಣೆ."

ಚಿಕ್ಕತಾಯಮ್ಮ ಫೋನು ಕೆಳಗಿಟ್ಟು ಗಿಡಗಳನ್ನು ನೋಡುತ್ತ ನಿಂತಳು. ನಿಜ ಹೇಳಬೇಕೆಂದರೆ ಇವನ್ನು ಅವಳು ಬೆಳೆಸಿದ್ದೇ ಅಲ್ಲ, ಬಿಸಾಡಿದ್ದು. ಎರಡು ವರ್ಷದ ಹಿಂದೆ, ಗಂಡ ತೀರಿಕೊಂಡ ಮೇಲೆ, ಮದ್ದೂರಿನಿಂದ ವೆಸ್ಟ್ ಮಾಂಬಲಂನ ಈ ಫ್ಲಾಟಿಗೆ ಬಂದಾಗ ತಂದ ಡಬ್ಬಿಗಳಲ್ಲಿ ಗಸಗಸೆಯದೂ ಒಂದಿತ್ತು. ತಳದಲ್ಲಿ ಮುಗ್ಗಲು ಹಿಡಿದಿದ್ದನ್ನು ಕನಕಾಂಬರದ ಕುಂಡಕ್ಕೆ ಒದರಿದ್ದಳು. ಅದು ಚಿಗುರಿ, ಎದೆಮಟ್ಟ ಬೆಳೆದು, ಒಂದು ಬೆಳಿಗ್ಗೆ ತೆಳ್ಳನೆ ಕಾಗದದಂಥ ನಸುನೇರಳೆ ಹೂವು ಬಿಟ್ಟಿತು. ಹೂವು ಎರಡು ದಿನ ನಿಂತರೆ ಹೆಚ್ಚು. ಆದರೆ ಉದುರಿದ ಮೇಲೆ ಉಳಿಯುವ ಕಾಯಿ ಇದೆಯಲ್ಲ, ಅದರ ಚೆಲುವೇ ಬೇರೆ. ದುಂಡಗೆ, ಮೇಲೊಂದು ಪುಟ್ಟ ಕಿರೀಟ ಇಟ್ಟುಕೊಂಡು, ಒಣಗಿದರೆ ಗಿಲಕಿಯ ಹಾಗೆ ಗಲಗಲ ಎನ್ನುತ್ತದೆ.

ಆ ಕಾಯಿಗಳೇ ಅವಳಿಗೆ ಈ ಊರಿನಲ್ಲಿ ಒಂದು ಹೆಸರು ತಂದುಕೊಟ್ಟಿದ್ದವು. ತಮಿಳು ಬಾರದ ಮುದುಕಿ ಎಂದು ಮೆಟ್ಟಿಲಲ್ಲಿ ಸುಮ್ಮನೆ ನಕ್ಕು ಹೋಗುತ್ತಿದ್ದವರೆಲ್ಲ ತಾರಸಿಗೆ ಬಂದು ನೋಡಿ ಹೊಗಳಿದ್ದರು. ಹೊಗಳಿದರೆ ಹಿಗ್ಗದವರು ಯಾರು? ಈ ಸಂಕ್ರಾಂತಿಗೆ ಎಳ್ಳು ಬೀರುವಾಗ, ಕಳೆದ ವರ್ಷದ ಬುರುಡೆಗಳಿಗೆ ಹಳದಿ ದಾರ ಕಟ್ಟಿ, ಸಕ್ಕರೆ ಅಚ್ಚು ಕಬ್ಬಿನ ತುಂಡುಗಳ ಪಕ್ಕ ತಟ್ಟೆಗೊಂದರಂತೆ ಇಟ್ಟಿದ್ದಳು. ಒಂಬತ್ತು ಮನೆ, ಒಂಬತ್ತು ಬುರುಡೆ.

ಒಂದೊಂದೇ ಗಿಡ ಕಿತ್ತಳು. ಕಾಂಡ ಮುರಿದ ಕಡೆಯಲ್ಲೆಲ್ಲ ಬಿಳಿ ಹಾಲು ಒಸರಿ ಬೆರಳಿಗೆ ಅಂಟಿತು. ತೊಳೆದರೆ ಹೋಗಲಿಲ್ಲ. ನೋಡನೋಡುತ್ತ ಕಂದು ಬಣ್ಣಕ್ಕೆ ತಿರುಗಿತು. ಗಿಡಗಳನ್ನು ಹಳೆಯ ದಿಂಬಿನ ಚೀಲಕ್ಕೆ ತುರುಕಿ, ಬಟ್ಟೆಯ ಕೈಚೀಲ ಹಿಡಿದು ಕೆಳಗಿಳಿದಳು.

ಎಳ್ಳಿನ ತಟ್ಟೆಯಲ್ಲಿ ಕೊಟ್ಟದ್ದನ್ನು ವಾಪಸು ಕೇಳುವುದೆಂದರೆ ಕೊಟ್ಟ ಮನೆಗೂ ಕೇಡು, ಇಸಿದುಕೊಂಡ ಮನೆಗೂ ಕೇಡು ಎಂದು ಅವಳ ಅತ್ತೆ ಹೇಳುತ್ತಿದ್ದಳು. ಅರವತ್ತೆರಡು ವರ್ಷಕ್ಕೆ ಆ ಕೆಲಸವೂ ಪಾಲಿಗೆ ಬಂತಲ್ಲ ಎಂದು ಚಿಕ್ಕತಾಯಮ್ಮನಿಗೆ ಅಳು ಬಂದಂತಾಯಿತು. ದಾರಿಯಲ್ಲೇ ಒಂದು ಸುಳ್ಳು ಹೊಂದಿಸಿಕೊಂಡಳು. ಬುರುಡೆಯಲ್ಲಿ ಹುಳ ಬಿದ್ದಿದೆ, ಮನೆಯ ಅಕ್ಕಿ ಬೇಳೆಗೆಲ್ಲ ಹತ್ತುತ್ತದೆ, ಕೊಟ್ಟುಬಿಡಿ.

ಕೆಳಗಿನ ಮನೆಯ ಮಾಮಿ ದೇವರ ಪಟದ ಮುಂದಿನಿಂದ ಬುರುಡೆ ತಂದು, ಕನ್ನಡಕ ಏರಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. "ಪುಳುವಾ? ಎಂಗೆ? ಒಣ್ಣುಮೇ ಕಾಣೋಮೇ" ಎಂದಳು. ಹುಳವೇ ಕಾಣುತ್ತಿಲ್ಲವಲ್ಲ ಎಂಬ ಮಾತು ಚಿಕ್ಕತಾಯಮ್ಮನಿಗೂ ತಿಳಿಯಿತು. "ಉಳ್ಳೆ ಇರುಕ್ಕು ಮಾಮಿ, ಉಳ್ಳೆ" ಎಂದು, ಒಳಗಿದೆ ಎಂಬುದನ್ನು ತನಗೆ ಗೊತ್ತಿದ್ದ ಅಷ್ಟಿಷ್ಟು ತಮಿಳಿನಲ್ಲಿ ಹೇಳಿ ಚೀಲಕ್ಕೆ ಹಾಕಿಕೊಂಡಳು. ಎರಡನೇ ಮಹಡಿಯಲ್ಲಿ ಸುರೇಶನ ಪುಟ್ಟ ಮಗಳು ಅದನ್ನೇ ಗಿಲಕಿ ಮಾಡಿಕೊಂಡು ಆಡುತ್ತಿದ್ದಳು. ಕೈಯಿಂದ ಕಿತ್ತುಕೊಳ್ಳಬೇಕಾಯಿತು. ಮಗು ಅತ್ತ ಸದ್ದು ಕೆಳಗಿನ ಗೇಟಿನವರೆಗೂ ಬಂತು.

ಮಧ್ಯಾಹ್ನ ಒಂದೂವರೆಗೆ ಚೀಲದಲ್ಲಿ ಎಂಟು ಬುರುಡೆಗಳಿದ್ದವು. ಉಳಿದದ್ದು ಒಂದು, ರೈಲ್ವೆ ಸ್ಟೇಷನ್ನಿನ ಕಡೆಯ ಬೇಬಿಯ ಮನೆಯದು. ಬೇಬಿಯ ಗಂಡ ಮಧ್ವರಾಜ ಸ್ಟೇಷನ್ ಬಳಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ. ಉಡುಪಿಯ ಕಡೆಯ ಜನ. ಮಗಳು ಹರ್ಷಿಣಿ ನಾಲ್ಕು ತಿಂಗಳ ಬಾಣಂತಿ, ತವರಲ್ಲೇ ಇದ್ದಳು. ಕನ್ನಡದಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಸಿಗುವ ಹೆಂಗಸೆಂದು ಚಿಕ್ಕತಾಯಮ್ಮ ಹಬ್ಬದ ದಿನ ಅಲ್ಲಿ ಒಂದು ಗಂಟೆ ಕೂತಿದ್ದಳು.

ಆ ಗಂಟೆ ಈಗ ಮಾತು ಮಾತೂ ನೆನಪಿಗೆ ಬಂತು. ನಡೆಯುತ್ತಿದ್ದವಳು ಹಣ್ಣಿನ ಗಾಡಿಯ ಪಕ್ಕ ನಿಂತುಬಿಟ್ಟಳು.

"ರಾತ್ರಿ ಇಡೀ ಕೂಗ್ತದೆ ಮಾರಾಯ್ರೆ" ಎಂದಿದ್ದಳು ಬೇಬಿ, ಮಗುವನ್ನು ತೊಡೆಯ ಮೇಲೆ ತಟ್ಟುತ್ತ. "ಸೋಮವಾರದಿಂದ ಇವಳಿಗೆ ಆಫೀಸು. ನಾನೊಬ್ಬಳೇ ಹೇಗೆ ಸುಧಾರಿಸುದು ಅಂತ."

ಆಗ ಚಿಕ್ಕತಾಯಮ್ಮ ತಟ್ಟೆಯ ಬುರುಡೆಯನ್ನು ಎತ್ತಿ ಗಲಗಲ ಅನ್ನಿಸಿ, ದೊಡ್ಡ ವೈದ್ಯಗಿತ್ತಿಯ ಗತ್ತಿನಲ್ಲಿ ಹೇಳಿದ್ದಳು. "ನಮ್ಮಜ್ಜಿ ಕಾಲದಲ್ಲಿ ಇದ್ನೇ ಮಕ್ಳಿಗೆ ಕೊಡೋರು ಬೇಬಿಯವ್ರೆ. ಗ್ರಂಥಿಗೆ ಅಂಗ್ಡೀಲಿ ಸಿಕ್ತಿತ್ತು. ಒಂದ್ ಚೂರು ನೆಕ್ಸುದ್ರೆ ಸಾಕು, ಸದ್ದಿಲ್ದಂಗೆ ಮಲಗ್ಬುಡೋವು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಅಜ್ಜಿಯ ಕಥೆಯಲ್ಲಿ ಅರ್ಧವನ್ನು ಮಾತ್ರ ಹೇಳಿದ್ದಳು. ಹೊಗಳಿಸಿಕೊಳ್ಳಲು ಅಷ್ಟು ಸಾಕಾಗಿತ್ತು. ಉಳಿದರ್ಧದಲ್ಲಿ ಅಜ್ಜಿಯ ಮೂರನೇ ಗಂಡುಕೂಸು ಇತ್ತು. ಸುಗ್ಗಿಯ ದಿನ, ಕೆಲಸಕ್ಕೆ ಅಡ್ಡಿಯಾಗದಿರಲೆಂದು ಹಾಗೆ ಮಲಗಿಸಿದ ಕೂಸು ಸಂಜೆಯಾದರೂ ಏಳಲೇ ಇಲ್ಲ. ಕಣ್ಣಾಸರ ಆಗಿ, ಯಾರದೋ ದೃಷ್ಟಿ ತಗುಲಿ ಹೋಯಿತು ಎಂದು ಮನೆಯವರೆಲ್ಲ ಅಂದರು. ಅಜ್ಜಿ ಮಾತ್ರ ಸಾಯುವವರೆಗೂ ಗಸಗಸೆ ಪಾಯಸವನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ.

ಇವತ್ತು ಸೋಮವಾರ. ಚಿಕ್ಕತಾಯಮ್ಮ ಮೊಣಕಾಲ ನೋವು ಮರೆತು ಓಡತೊಡಗಿದಳು. ಚೀಲದಲ್ಲಿ ಬುರುಡೆಗಳು ಹೆಜ್ಜೆಗೊಂದು ಸಲ ಸದ್ದು ಮಾಡಿದವು.

ಬೇಬಿ ಬಾಗಿಲು ತೆರೆದವಳೇ ತುಟಿಯ ಮೇಲೆ ಬೆರಳಿಟ್ಟಳು. ಮುಖದಲ್ಲಿ ಎಷ್ಟೋ ದಿನದ ಮೇಲೆ ಕಂಡ ನೆಮ್ಮದಿ ಇತ್ತು.

"ಮೆಲ್ಲ ಮಾತಾಡಿ, ಮಗು ಮಲಗಿದೆ. ನೀವು ಹೇಳಿದ್ದು ಭಾರೀ ಉಪಕಾರ ಆಯ್ತು. ಬೆಳಿಗ್ಗೆ ಹರ್ಷಿಣಿ ಹೊರಟ ಮೇಲೆ ಕೊಟ್ಟೆ. ಒಂಬತ್ತಕ್ಕೆ ಮಲಗಿದವ ಇನ್ನೂ ಎದ್ದಿಲ್ಲ."

"ಹಾಲು ಕುಡುದ್ನಾ?"

"ಹಾಲಿಗೆ ಕೂಡ ಏಳ್ಲಿಲ್ಲ. ಎಷ್ಟು ದಿನದ ನಿದ್ದೆ ಬಾಕಿ ಉಂಟೋ ಏನೋ."

ಅಡುಗೆಮನೆಯ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ ಪುಟ್ಟ ಪಾತ್ರೆ ಇತ್ತು. ಅದರ ಪಕ್ಕ ಹಳದಿ ದಾರ. ಚಿಕ್ಕತಾಯಮ್ಮ ಅವಳನ್ನು ದಾಟಿಕೊಂಡು ಒಳಗೆ ಹೋದಳು. ಸೂರಿನ ಕೊಕ್ಕೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಗು ಅಂಗಾತ ಮಲಗಿತ್ತು. ಮೂಗಿನ ಬಳಿ ಬೆರಳು ಹಿಡಿದಳು. ಉಸಿರು ಬಂತು. ಆಮೇಲೆ ಬರಲಿಲ್ಲ. ಕಾದಳು. ಹೊರಗೆ ತಾಂಬರಂ ಕಡೆಯ ರೈಲೊಂದು ಪೂರ್ತಿ ಹಾದುಹೋಯಿತು. ಆಮೇಲೆ ಇನ್ನೊಂದು ಉಸಿರು ಬಂತು, ಕಷ್ಟದಲ್ಲಿ. ತುಟಿಗಳು ನೇರಳೆ ತಿಂದ ಹಾಗಿದ್ದವು. ಅಂಗಾಲು ಚಿವುಟಿದಳು. ಮಗು ಕಾಲನ್ನು ಎಳೆದುಕೊಳ್ಳಲಿಲ್ಲ.

"ಎತ್ಕೊಳಿ ಬೇಬಿಯವ್ರೆ. ಆಸ್ಪತ್ರೆಗ್ ಹೋಗುವಾ. ಆಟೋ ಕರೀತೀನಿ."

"ಎಂತ ಆಯ್ತು? ಎಂತಕ್ಕೆ?"

"ಎತ್ಕೊಳಿ ಅಂದ್ನಲ್ಲ."

ಎರಡು ರಸ್ತೆ ಆಚೆ ಒಂದು ನರ್ಸಿಂಗ್ ಹೋಮ್ ಇತ್ತು. ಮಗುವನ್ನು ಕಂಡ ಕೂಡಲೇ ನರ್ಸೊಬ್ಬಳು ಕಿತ್ತುಕೊಂಡಂತೆ ಎತ್ತಿಕೊಂಡು ಒಳಗೆ ಓಡಿದಳು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಬಂದಳು. ಮಾನಸಳ ವಯಸ್ಸಿನವಳು. "ಕೊಳಂದೈಕ್ಕು ಎನ್ನ ಕುಡುತ್ತೀಂಗ?" ಎಂದಳು. ಮಗುವಿಗೆ ಏನು ಕೊಟ್ಟಿರಿ?

ಬೇಬಿ ಗೋಡೆಗೆ ಒರಗಿ ನಿಂತಿದ್ದಳು. "ಒಣ್ಣುಂ ಇಲ್ಲೆ. ತಾಯ್‌ಪಾಲ್ ದಾನ್" ಎಂದಳು. ಏನೂ ಇಲ್ಲ, ತಾಯಿಯ ಹಾಲಷ್ಟೇ. ಹಾಗೆ ಹೇಳುವಾಗ ಅವಳು ಚಿಕ್ಕತಾಯಮ್ಮನ ಕಡೆ ನೋಡಿದಳು. ಹರ್ಷಿಣಿಗೆ ಏನೆಂದು ಹೇಳಲಿ ಎಂಬ ದಿಗಿಲು ಅವಳ ಕಣ್ಣಲ್ಲಿ ಎದ್ದು ಕಾಣುತ್ತಿತ್ತು.

"ಮರುಂದು? ನಾಟ್ಟು ಮರುಂದು ಏದಾವದು?" ಡಾಕ್ಟರು ಮತ್ತೆ ಕೇಳಿದಳು. ನಾಟಿ ಔಷಧಿ ಏನಾದರೂ? ಬೇಬಿ ತಲೆಯಾಡಿಸಿದಳು, ಇಲ್ಲ ಎಂದು.

ಚಿಕ್ಕತಾಯಮ್ಮನ ಕೈಯಲ್ಲಿ ಚೀಲವಿತ್ತು. ಹೆಸರು ಮಾತ್ರ ಎತ್ತಬೇಡ, ನನ್ನಾಣೆ ಎಂದಿದ್ದಳು ಮಗಳು. ಅಳಿಯ ದಿನೇಶ ನೆನಪಾದ. ಹೋದ ವರ್ಷ ಈ ಗಿಡಗಳಿಗೆಂದೇ ಪಲ್ಲಾವರಂ ಸಂತೆಯಿಂದ ಸ್ಕೂಟರಿನಲ್ಲಿ ನಾಲ್ಕು ಸಲ ಓಡಾಡಿ ಕುಂಡ ತಂದುಕೊಟ್ಟವನು. "ಅತ್ತೆ, ಇನ್ನೂ ಬೇಕಾದ್ರೆ ಹೇಳಿ" ಎಂದು ಬೆವರು ಒರೆಸಿಕೊಂಡವನು. ಅವನಿಗೆ ಏನೂ ಗೊತ್ತಿರಲಿಲ್ಲ. ಯಾರಿಗೂ ಏನೂ ಗೊತ್ತಿರಲಿಲ್ಲ. ಅರ್ಧ ಕಥೆ ಮುಚ್ಚಿಟ್ಟವಳಿಗೆ ಮಾತ್ರ ಗೊತ್ತಿತ್ತು.

ಡಾಕ್ಟರು ಒಳಗೆ ಹೋಗಲು ತಿರುಗಿದಳು.

"ಅಮ್ಮ" ಎಂದಳು ಚಿಕ್ಕತಾಯಮ್ಮ. ಮುಂದಿನ ತಮಿಳು ಹೊಳೆಯಲಿಲ್ಲ. ಕೌಂಟರಿನ ಸ್ಟೀಲ್ ಮೇಜಿನ ಮೇಲೆ ಚೀಲವನ್ನು ಬೋರಲು ಹಾಕಿದಳು. ಎಂಟು ಬುರುಡೆಗಳು ಹಳದಿ ದಾರದ ಸಮೇತ ಉರುಳಿದವು. "ಇದು. ಇದ್ ಕುಡುತ್ತಾಂಗ. ಕಸಕಸಾ ಕಾಯ್. ಬೆಳದೋಳು ನಾನು. ಕೊಡಿ ಅಂದೋಳೂ ನಾನೇ. ಅವ್ರ್‌ದೇನೂ ತಪ್ಪಿಲ್ಲ."

ಕಡೆಯ ಮಾತುಗಳ ಕನ್ನಡ ಡಾಕ್ಟರಿಗೆ ಅರ್ಥವಾಯಿತೋ ಇಲ್ಲವೋ, ಬುರುಡೆ ಅರ್ಥವಾಯಿತು. ಒಂದನ್ನು ಎತ್ತಿ ನೋಡಿದಳು. ಮುಖದ ಬಣ್ಣ ಬದಲಾಯಿತು. "ಎಷ್ಟು ಗಂಟೆಗೆ?" ಎಂದು ಬೆರಳಿನಲ್ಲೇ ಕೇಳಿದಳು. ಚಿಕ್ಕತಾಯಮ್ಮ ಒಂಬತ್ತು ಬೆರಳು ತೋರಿಸಿದಳು. ಡಾಕ್ಟರು ಯಾವುದೋ ಇಂಜೆಕ್ಷನ್ನಿನ ಹೆಸರು ಕೂಗುತ್ತ ಓಡಿದಳು. ಬಾಗಿಲು ಮತ್ತೆ ಮುಚ್ಚಿತು.

ಬೇಬಿ ನೆಲದ ಮೇಲೆ ಕುಸಿದು ಕೂತು ಮೊಣಕಾಲಲ್ಲಿ ಮುಖ ಹುದುಗಿಸಿಕೊಂಡಳು. ಚಿಕ್ಕತಾಯಮ್ಮ ಅವಳ ಬಳಿ ಹೋಗಿ ಕೂರಬೇಕೆಂದುಕೊಂಡಳು. ಧೈರ್ಯ ಬರಲಿಲ್ಲ.

ಕೌಂಟರಿನ ಗಂಡಸು ಬುರುಡೆಗಳನ್ನು ಮುಟ್ಟದೆ ಅವಳನ್ನೇ ನೋಡುತ್ತಿದ್ದ. ಆಮೇಲೆ ದಪ್ಪನೆಯ ಒಂದು ರಿಜಿಸ್ಟರು ಎಳೆದುಕೊಂಡ. "ಪೋಲೀಸ್‌ಕು ಸೊಲ್ಲಣುಂ ಪಾಟಿ" ಎಂದ, ಪೋಲೀಸರಿಗೆ ತಿಳಿಸಲೇಬೇಕಜ್ಜಿ ಎಂದು, ತನ್ನದೇ ತಪ್ಪೇನೋ ಎಂಬ ದನಿಯಲ್ಲಿ. ಹೆಸರು ಕೇಳಿದ. ಹೇಳಿದಳು. ವಿಳಾಸ ಕೇಳಿದ. ರಸ್ತೆಯ ಹೆಸರು, ಮನೆಯ ನಂಬರು, ಮೂರನೇ ಮಹಡಿ ಎಂದು ಒಂದೊಂದಾಗಿ ಹೇಳಿದಳು. ಮನೆ ಯಾರ ಹೆಸರಲ್ಲಿದೆ ಎಂದು ಕೇಳಿದ. ಅದನ್ನೂ ಹೇಳಿದಳು. ಅವನು ಬರೆದುಕೊಳ್ಳುತ್ತಿದ್ದಾಗ ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಬಡಿದುಕೊಂಡಿತು. ಮಾನಸ. ಎಲ್ಲ ಸಿಕ್ಕಿತಾ ಎಂದು ಕೇಳಲು ಇರಬೇಕು. ಅದು ಬಡಿದುಕೊಂಡು ಬಡಿದುಕೊಂಡು ನಿಂತಿತು.

ಗೋಡೆಯ ಫ್ಯಾನು ಈ ಕಡೆಗೊಮ್ಮೆ ಆ ಕಡೆಗೊಮ್ಮೆ ತಿರುಗುತ್ತಿತ್ತು. ಅದರ ಗಾಳಿ ತಗುಲಿದಾಗಲೆಲ್ಲ ಬುರುಡೆಗಳು ಮೇಜಿನ ಮೇಲೆ ಅರ್ಧ ಸುತ್ತು ಹೊರಳಿ ಗಲಗಲ ಎನ್ನುತ್ತಿದ್ದವು. ಮುಚ್ಚಿದ ಬಾಗಿಲಿನ ಆಚೆ ಏನು ನಡೆಯುತ್ತಿದೆಯೋ ತಿಳಿಯುತ್ತಿರಲಿಲ್ಲ. ಚಿಕ್ಕತಾಯಮ್ಮ ಕಂದುಗಟ್ಟಿದ ಬೆರಳುಗಳ ಎರಡೂ ಅಂಗೈಯನ್ನು ಬುರುಡೆಗಳ ಮೇಲೆ ಒತ್ತಿ ಹಿಡಿದು, ಅವು ಸದ್ದು ಮಾಡದ ಹಾಗೆ ನೋಡಿಕೊಳ್ಳುತ್ತ, ಬಾಗಿಲಿನ ಕಡೆ ಕಿವಿಗೊಟ್ಟು ನಿಂತಳು.