ದವಾಖಾನೆಗೆ ಹೋಗುವ ಸೀರೆ

"ಆಕ್ಸಿಜನ್ ಚೆನ್ನಾಗಿದೆ, ಬಿಪಿ ಚೆನ್ನಾಗಿದೆ, ಎಕ್ಸ್‌ರೇನೂ ಚೆನ್ನಾಗಿದೆ," ಎಂದರು ಡಾಕ್ಟರ್ ವಿಜಯಲಕ್ಷ್ಮಿ. ಮಂಜಮ್ಮನ ಮುಖ ಸಣ್ಣದಾಯಿತು. ಎಲ್ಲಾ ಚೆನ್ನಾಗಿದ್ದರೆ ಸಿರುಗುಪ್ಪದ ಆಚೆಯ ಕರೂರಿನಿಂದ ಬಳ್ಳಾರಿ ಕಂಟೋನ್ಮೆಂಟಿನ ತನಕ ಯಾರಾದರೂ ಯಾಕೆ ಬರುತ್ತಾರೆ, ಹುಚ್ಚೇ?

ಸಿರುಗುಪ್ಪದಲ್ಲೂ ಇಬ್ಬರು ಡಾಕ್ಟರು ಇದನ್ನೇ ಹೇಳಿ ಕಳಿಸಿದ್ದರು. ಒಬ್ಬರು ಗ್ಯಾಸ್ ಎಂದು ಗುಳಿಗೆ ಕೊಟ್ಟರು, ಇನ್ನೊಬ್ಬರು ಟೆನ್ಷನ್ ಎಂದು ಒಂದು ಬಾಟಲಿ ಗ್ಲೂಕೋಸ್ ಏರಿಸಿದರು. ಕೊರೋನಾ ಬಂದು ಹೋಗಿ ವರ್ಷಗಳಾದರೂ ಬಗ್ಗಿ ಎದ್ದರೆ ಕಣ್ಣು ಕತ್ತಲೆ, ಒಲೆ ಮುಂದೆ ನಿಂತರೆ ಎದೆ ಡವಡವ. ಭತ್ತದ ನಾಟಿಗೆ ಇಳಿದರೆ ಅವಳ ಸಾಲು ಹಿಂದೆ ಉಳಿಯುತ್ತಿತ್ತು. ಎಡಬಲದ ಹೆಂಗಸರು ಅವಳ ಪಾಲಿನ ಸಸಿಯನ್ನೂ ಹಚ್ಚಬೇಕಿತ್ತು. ಒಂದು ಹಂಗಾಮು ಹಚ್ಚಿದರು, ಆಮೇಲೆ ಕರೆಯುವುದನ್ನೇ ಬಿಟ್ಟರು. ಅತ್ತೆ ಉಚ್ಚೆಂಗೆಮ್ಮ, "ಉಣ್ಣಾಕ ಮುಂದ, ದುಡಿಯಾಕ ಹಿಂದ" ಎಂದಳು. ಅದನ್ನು ಮಂಜಮ್ಮ ನುಂಗಿಕೊಂಡಳು. ಗಂಡ ಹುಲುಗಪ್ಪ ಅದಕ್ಕೆ ಹೂಂ ಅಂದದ್ದನ್ನು ಮಾತ್ರ ನುಂಗಲಾಗಲಿಲ್ಲ.

ಕೊರೋನಾ ಆದಮೇಲೆ ಉಳಿಯುವ ಕಾಯಿಲೆ ಈ ಡಾಕ್ಟರಿಗೆ ಗೊತ್ತು ಎಂದು ತಂಗಿ ಹೇಮಾ ಹೇಳಿದ್ದಕ್ಕೇ ಇಲ್ಲಿಗೆ ಬಂದದ್ದು. ಇವರೂ ಏನಿಲ್ಲ ಅಂದುಬಿಟ್ಟರೆ ಹುಲುಗಪ್ಪ ಇನ್ನು ಈ ಜನ್ಮದಲ್ಲಿ ನಂಬುವುದಿಲ್ಲ.

"ನಾ ಆವಾಗ್ಲೇ ಹೇಳೀನ್ರಿ ಮೇಡಂ," ಹುಲುಗಪ್ಪ ಮುಂದೆ ಸರಿದ. "ಏನಿಲ್ರಿ ಈಕಿಗೆ. ದವಾಖಾನಿಗೆ ಹೋಗ್ಬೇಕಂತ ಎರಡು ದಿನ ಬರೇ ಮಲಗ್ಯಾಳ. ಮುಂಜಾನಿ ತಲಿಗೆ ಎರಕೊಂಡು, ಪೆಟಗಿಯಾಗಿನ ಸೀರಿ ಉಟ್ಟಾಳ. ಮದಿವಿಗೆ ಹೊಂಟಂಗ!"

"ದೊಡ್ಡ ಡಾಕ್ಟ್ರ ಮುಂದ ಹೊಲಸಾಗಿ ಬರಾಕ ಆಗ್ತೈತೇನು?" ಮಂಜಮ್ಮನಿಗೆ ಸಿಟ್ಟು ಬಂತು. "ಮಲಗಲಿಲ್ಲಂದ್ರ ಬಸ್ ಹತ್ತಾಕರ ಆಗ್ತಿತ್ತೇನು ನನಗ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಪ್ರತಿ ಸಲ ಹೀಗೇನಾ? ಮಲಗಿ ಸುಧಾರಿಸಿಕೊಂಡೇ ಡಾಕ್ಟರ ಹತ್ತಿರ ಹೋಗ್ತೀರಾ?"

"ಹೂಂರಿ. ಎಲ್ಲಾರೂ ಹಂಗ ಹೋಗ್ತಾರಲ್ರಿ."

ಅವಳನ್ನು ಬೆಂಚಿನ ಮೇಲೆ ಮಲಗಿಸಿ, ಬೆರಳಿಗೆ ಕ್ಲಿಪ್ ಸಿಕ್ಕಿಸಿದರು. ಸ್ವಲ್ಪ ಹೊತ್ತು ಬಿಟ್ಟು, "ಈಗ ಎದ್ದು ನಿಲ್ಲಿ ಅಮ್ಮಾ. ಗೋಡೆಗೆ ಒರಗಬೇಡಿ. ನೀವು ಇದನ್ನ ನೋಡಿ," ಎಂದು ಹುಲುಗಪ್ಪನನ್ನು ಕರೆದರು. "ಇದು ಎದೆ ಬಡಿತ. ಓದ್ತಾ ಇರಿ."

"ಎಂಬತ್ತೆರಡು," ಹುಲುಗಪ್ಪ ಜೋರಾಗಿ ಓದಿದ. "ನೂರಾ ನಾಕು. ನೂರಾ ಇಪ್ಪತ್ತು. ಮಿಷಿನ್ ಕೆಟ್ಟೈತೇನ್ರಿ ಇದು?"

ಡಾಕ್ಟರು ಕ್ಲಿಪ್ ತೆಗೆದು ಅವನ ಬೆರಳಿಗೇ ಸಿಕ್ಕಿಸಿದರು. ಎಪ್ಪತ್ನಾಲ್ಕು. ಅವನೂ ನಿಂತೇ ಇದ್ದ. ಮತ್ತೆ ಅವಳ ಬೆರಳಿಗೆ ಹಾಕಿದರು.

"ನೂರಾ ಮೂವತ್ತಾರು," ಎಂದ. ದನಿ ಇಳಿದಿತ್ತು.

ಮಂಜಮ್ಮನ ತುಟಿ ಬಿಳಿಚಿತ್ತು, ಹಣೆಯಲ್ಲಿ ಬೆವರು. ಈಗ ಕೂತರೆ ನಾಟಕ ಅಂದಾರು ಎಂದು ಹಲ್ಲು ಕಚ್ಚಿ ನಿಂತಿದ್ದಳು. ಹುಲುಗಪ್ಪ ಮುಂದಿನ ಅಂಕಿ ಓದಲಿಲ್ಲ.

"ಕುಂದರ್ಲಿ ಬಿಡ್ರಿ ಮೇಡಂ," ಎಂದು ತಾನೇ ಅವಳ ರಟ್ಟೆ ಹಿಡಿದ.

"ಎಷ್ಟು ದಿನದಿಂದ ಹೀಗೇ ಅಡುಗೆ ಮಾಡಿ, ನೀರು ಹೊತ್ತಿದ್ದಾರೋ," ಎಂದರು ಡಾಕ್ಟರು. ಕೊರೋನಾ ಹೋದ ಮೇಲೂ ಕೆಲವರಿಗೆ ಹೀಗೆ ಉಳಿಯುತ್ತದೆ, ಪೂರ್ತಿ ಹೋಗಲಾಡಿಸುವ ಗುಳಿಗೆ ಇಲ್ಲ, ಹತೋಟಿಯಲ್ಲಿ ಇಡಬಹುದು ಎಂದರು. ಸುಸ್ತಾದ ಮೇಲಲ್ಲ, ಸುಸ್ತಾಗುವ ಮುಂಚೆಯೇ ಕೂರಬೇಕು. "ನೀವು ಸುಧಾರಿಸಿಕೊಂಡು ಹೋಗಿ, ಕೂತು ತೋರಿಸಿದ್ದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಸಲ ಮಲಗಿ ಬರಬೇಡಿ. ಹೇಗಿದ್ದೀರೋ ಹಾಗೇ ಬನ್ನಿ."

ಬಸ್ ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸಿಗೆ ಜನ ಮುಗಿಬಿದ್ದಿದ್ದರು. ಹುಲುಗಪ್ಪ ಓಡಿಹೋಗಿ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆದ. ಒಳಗೆ ಹೋಗುವಷ್ಟರಲ್ಲಿ ಒಬ್ಬ ಹಿರಿಯ ಅದನ್ನು ಸರಿಸಿ ಕೂತಾಗಿತ್ತು.

"ಯಜಮಾನ್ರ, ಏಳ್ರಿ. ನನ್ನ ಟವಲ್ ಅದು. ನನ್ನ ಹೇಣ್ತಿ ಕುಂದರ್ಬೇಕು."

"ಗಟ್ಟಿಮುಟ್ಟಾಗಿ ಅದಾಳಲ್ಲೋ ನಿನ್ನ ಹೇಣ್ತಿ. ನಿಂತ್ಕಂಡು ಬರ್ಲಿ ಬಿಡು."

"ಹಂಗ ಕಾಣ್ತಾಳ್ರಿ ಅಷ್ಟ," ಎಂದ ಹುಲುಗಪ್ಪ. "ಆಕಿಗೆ ಆರಾಮಿಲ್ಲ."

ಹಿರಿಯ ಗೊಣಗುತ್ತ ಎದ್ದ. ಮಂಜಮ್ಮ ಕೂತು ಮುಖವನ್ನು ಕಿಟಕಿಗೆ ತಿರುಗಿಸಿದಳು. ಬಳ್ಳಾರಿ ದಾಟಿದರೂ ಆ ಒಳ್ಳೆ ಸೀರೆಯ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು. ಹುಲುಗಪ್ಪ ಮೇಲಿನ ಸರಳು ಹಿಡಿದು, ಅವಳ ಭುಜಕ್ಕೆ ಜನ ಒತ್ತದಂತೆ ಅಡ್ಡ ನಿಂತಿದ್ದ.