ಮಸಿ ಬಿಲ್ಲೆ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನೇ ಉಂಡು ಬೆಳೆದವನು ಆ ನಾಣ್ಯದಂಗಡಿಯವನು. ತನ್ನ ನೆರಳನ್ನೂ ನಂಬುವ ಪೈಕಿಯಲ್ಲ. ಅಂಥವನ ಮುಂದೆ, ತೀರಿಹೋದ ಅಣ್ಣನ ಹೆಂಡತಿ ಬೆಳ್ಳಿ ನಾಣ್ಯ ಇಟ್ಟಾಗ ಅವನು ಒಮ್ಮೆ ನಾಣ್ಯವನ್ನೂ ಒಮ್ಮೆ ಆಕೆಯನ್ನೂ ನೋಡಿದ. ಹೋದ ವಾರ ಆಕೆ ತಂದು ತೋರಿಸಿದಾಗ ಇದೇ ನಾಣ್ಯ ಕಪ್ಪಗಿತ್ತು. ಇವತ್ತು ಫಳಫಳ ಹೊಳೆಯುತ್ತಿದೆ!

"ಅತ್ತಿಗೆ, ಇದು ಅಣ್ಣಂದೇನಾ?"

"ಮತ್ತಿನ್ಯಾರ್ದು? ಕಣ್ಣಿನ ಆಪರೇಷನ್ನಿಗೆ ಅಂತ ಇರೋದೇ ಅದೊಂದು. ಸರಿಯಾಗಿ ನೋಡಿ ಬೆಲೆ ಹೇಳಪ್ಪ."

ಅಸಲಿಯನ್ನು ಎಲ್ಲೋ ಮಾರಿ, ನಕಲಿ ತಂದು ನನ್ನ ತಲೆಗೆ ಕಟ್ಟುತ್ತಿದ್ದಾಳೆ ಎಂದುಕೊಂಡ. ತಕ್ಕಡಿಗೆ ಹಾಕಿದ, ತೂಕ ಸರಿಯಾಗಿತ್ತು. ಅಯಸ್ಕಾಂತ ಹಿಡಿದ, ಅಂಟಲಿಲ್ಲ. ಬೆರಳ ತುದಿಯಲ್ಲಿಟ್ಟು ತಟ್ಟಿದ. ಅಪ್ಪಟ ಬೆಳ್ಳಿಯ ದನಿ. ಅನುಮಾನ ಮಾತ್ರ ಹೋಗಲಿಲ್ಲ. ಕೊನೆಗೆ ಭೂತಗನ್ನಡಿ ಹಿಡಿದ. ಹೋದ ವಾರ ಗುರುತಿಟ್ಟುಕೊಂಡಿದ್ದ ಚುಕ್ಕೆ ಇಸವಿಯ ಪಕ್ಕ ಅಲ್ಲೇ ಇತ್ತು. ಅಣ್ಣನದೇ ನಾಣ್ಯ. ಆದರೆ ಮೈತುಂಬ ಗೀರು, ಅಕ್ಷರಗಳ ಸಂದಿಯಲ್ಲಿ ಹಲ್ಲುಪುಡಿ.

"ತಿಕ್ಕಿದ್ರಾ?"

"ನೀನೇ ಅಂದ್ಯಲ್ಲಪ್ಪ, ಈ ಮಸಿ ಬಿಲ್ಲೆ ಯಾರು ತಗೋತಾರೆ ಅಂತ. ಬೆಳ್ಳಗಾಯ್ತೋ ಇಲ್ವೋ ನಂಗೆಲ್ಲಿ ಕಾಣುತ್ತೆ? ಎರಡು ದಿನ ತಿಕ್ಕಿದೆ."

ಅಂದಿದ್ದು ನಿಜ. ಕೊಳ್ಳಬೇಕೆನಿಸಿದ ಮಾಲನ್ನು ಮೊದಲು ಹಳಿಯುವುದು ಅವನ ಕಸುಬಿನ ಚಾಳಿ. ಅತ್ತಿಗೆಯ ಮುಂದೆಯೂ ಬಿಟ್ಟಿರಲಿಲ್ಲ. ನೂರು ವರ್ಷದಲ್ಲಿ ತಾನಾಗಿ ಹಿಡಿದ ಆ ಕಪ್ಪಿಗೇ ಸಂಗ್ರಹಕಾರರು ಬೆಲೆ ಕೊಡುವುದು. ಈಗ ಉಳಿದದ್ದು ಬರೀ ಬೆಳ್ಳಿಯ ತೂಕ. ಅದರಲ್ಲಿ ಒಂದು ಕನ್ನಡಕ ಬಂದೀತು, ಆಪರೇಷನ್ ಆಗದು. ಅವನಿಗೆ ನಾಚಿಕೆಯಾಯಿತು.

"ಆಪರೇಷನ್ ಖರ್ಚು ಪೂರ್ತಿ ಕೊಡ್ತೀನಿ ಅತ್ತಿಗೆ. ಈಗಲೇ ತಗೊಳ್ಳಿ," ಎಂದು ಗಲ್ಲಾಪೆಟ್ಟಿಗೆಗೆ ಕೈ ಹಾಕಿದ.

ಅತ್ತಿಗೆ ಪೊರೆ ಬಂದ ಕಣ್ಣು ಕಿರಿದು ಮಾಡಿದಳು. "ಚೌಕಾಸಿ ಇಲ್ದೆ? ನೀನು?" ಮೇಜು ತಡವಿ ನಾಣ್ಯ ಎತ್ತಿಕೊಂಡಳು. "ನೀನೇ ಇಷ್ಟು ಕೊಡ್ತೀಯ ಅಂದ್ರೆ ಇದು ಅದರ ಎರಡರಷ್ಟು ಬಾಳುತ್ತೆ. ಎದುರಂಗಡೀಲಿ ಕೇಳ್ಕೊಂಡು ಬರ್ತೀನಿ, ತಾಳು."

"ಬೇಡ ಅತ್ತಿಗೆ, ಅವನು ಮೋಸಗಾರ!"

"ಊರೆಲ್ಲ ನಿನ್ನ ಬಗ್ಗೇನೂ ಹಾಗೇ ಅನ್ನುತ್ತೆ," ಎಂದು ಆಕೆ ಗೋಡೆ ಹಿಡಿದು ಮೆಟ್ಟಿಲಿಳಿದಳು.

ನಿಜ ಹೇಳಲು ಅವನಿಗೆ ಬಾಯಿ ಬರಲಿಲ್ಲ. ರಸ್ತೆ ತುಂಬ ಗಾಡಿಗಳು, ಆಕೆಗೋ ಕಣ್ಣು ಕಾಣದು. ಅವನೇ ಓಡಿಹೋಗಿ ಕೈ ಹಿಡಿದು, ಎದುರಂಗಡಿಯ ಬಾಗಿಲವರೆಗೆ ದಾಟಿಸಿದ.